ಎರಡನೇ ಟಪ್ಪಾಕ್ಕೆ ಸಾಯುವ ಚೆಂಡು

ಚೆಂಡನ್ನು ಎಸೆಯುವುದಕ್ಕಿಂತ ಬಿಡುವುದು ಕಷ್ಟ ಎಂದು ನನಗೆ ತೋರಿಸಿಕೊಟ್ಟವರು ಸಾಂಗ್ಲಿ ಪಕ್ಕದ ಕುಪವಾಡದ ಒಂದು ಸಣ್ಣ ರಬ್ಬರ್ ಕಾರ್ಖಾನೆಯ ಚೆಕರ್ ಕಾಕಾ. ಮೊದಲು ಕೈಗಡಿಯಾರ ಬಿಚ್ಚಿ ಕಿಟಕಿಯಲ್ಲಿ ಇಡುವರು. ಬಲ ಅಂಗೈಯನ್ನು ಪೈಜಾಮಕ್ಕೆ ಒರೆಸಿಕೊಳ್ಳುವರು. ಗೋಡೆಯ ಮೇಲೆ ಆರು ಅಡಿ ಎತ್ತರಕ್ಕೆ ಎಳೆದ ಸುಣ್ಣದ ಗೆರೆಗೆ ಚೆಂಡಿನ ತಳ ಸರಿಹೊಂದುವಂತೆ ಮೂರು ಬೆರಳುಗಳಲ್ಲಿ ಹಿಡಿದು, ಮೂರನ್ನೂ ಒಮ್ಮೆಲೇ ಅಗಲಿಸುವರು. ಒಂದು ಬೆರಳು ಹಿಂದೆ ಬಿದ್ದರೂ ಚೆಂಡು ತಿರುಗುತ್ತ ಬೀಳುತ್ತದೆ, ಲೆಕ್ಕ ಕೆಡುತ್ತದೆ. ಚೆಂಡು ನೆಲಕ್ಕೆ ಬಡಿಯುವಾಗ ಅವರು ಅದನ್ನು ನೋಡುತ್ತಿರಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೇಳುತ್ತಿದ್ದರು. ನೋಡುವುದು, ಬರೆದುಕೊಳ್ಳುವುದು ನನ್ನ ಕೆಲಸ.

ಹೋದ ತಿಂಗಳು ಮಿರಜ ಸ್ಟೇಷನ್ನಿನ ಹೊರಗೆ ಶಾಂತಾ ಮಾವಶಿ ಸಿಕ್ಕಳು. ಅದೇ ಕಾರ್ಖಾನೆಯಲ್ಲಿ ಚೆಂಡಿನ ಎರಡು ಅರ್ಧಗಳನ್ನು ಅಂಟಿಸುತ್ತಿದ್ದವಳು. ರಿಕ್ಷಾದಿಂದ ಚೀಲ ಇಳಿಸುತ್ತಲೇ, "ಕಾಕಾ ಹೋದ್ರು, ಗೊತ್ತಾತೇನು? ಎಂಟ ದಿನ ಆತು," ಎಂದಳು. ಮನೆಗೆ ಬಂದು ಹಳೆಯ ಡೈರಿಗಳನ್ನು ತೆಗೆದೆ. ಅವರ ಜೊತೆ ಕೆಲಸ ಮಾಡಿದ್ದು ಒಂದು ವರ್ಷ ಒಂದು ತಿಂಗಳು. ಅದರಲ್ಲಿ ಹದಿಮೂರು ದಿನಗಳ ಪುಟಗಳನ್ನು ನಾನು ಬರೆದ ಮೇಲೆ ಒಮ್ಮೆಯೂ ತೆರೆದು ನೋಡಿರಲಿಲ್ಲ.

ಹನ್ನೆರಡನೆಯ ತರಗತಿ ಮುಗಿಸಿ ಆ ಕೆಲಸಕ್ಕೆ ಸೇರಿದೆ. ನಮ್ಮದು ವಿಜಾಪುರದ ಕಡೆಯಿಂದ ಬಂದ ಮನೆತನ. ಅಪ್ಪ ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ಹಮಾಲಿ. ಏಳನೆಯ ತರಗತಿವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ. ನಮ್ಮ ಮನೆಯಿಂದ ಕಾರ್ಖಾನೆಗೆ ಹೋದ ಮೊದಲ ಹೆಣ್ಣು ನಾನು. ಅಪ್ಪ ಒಪ್ಪಿದ್ದು ಒಂದೇ ಮಾತಿನ ಮೇಲೆ: "ಅಲ್ಲಿಂದ ಒಂದ ತಕರಾರ ಬಂತಂದ್ರ ಮರುದಿನದಿಂದ ಮನ್ಯಾಗ ಕುಂದ್ರಬೇಕು. ಆಮ್ಯಾಲ ಕಾಲೇಜು ಗೀಲೇಜು ಅನ್ನಬ್ಯಾಡ." ಈ ಮಾತನ್ನು ನಾನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಕಾಕಾ ಅದನ್ನೂ ಓದಿದ್ದರು. ನಾನು ಏನನ್ನಾದರೂ ಬರೆಯುತ್ತಿದ್ದರೆ ಕತ್ತು ಚಾಚಿ ಓದುವ ಅಭ್ಯಾಸ ಅವರಿಗಿತ್ತು.

ಅವರು ಓದುವ ರೀತಿಯೂ ಬೇರೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಒಂದೊಂದೇ ಅಕ್ಷರ ಗಟ್ಟಿಯಾಗಿ ಕೂಡಿಸುತ್ತ, ಶಬ್ದ ಮುಗಿದ ಮೇಲೆ ಅದನ್ನು ಇನ್ನೊಮ್ಮೆ ಪೂರ್ತಿಯಾಗಿ ಹೇಳಿ, ಮುಂದಿನದಕ್ಕೆ ಹೋಗುವರು. ಆದರೆ ಸಾಂಗ್ಲಿಯ ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಇಪ್ಪತ್ತು ವರ್ಷ ಜವಾನರಾಗಿದ್ದರಂತೆ. ಗುಂಡು, ದಾರ, ಸ್ಪ್ರಿಂಗು ತೆಗೆದಿಟ್ಟು ಒರೆಸಿಡುವುದಷ್ಟೇ ಕೆಲಸ. ಪ್ರಾಧ್ಯಾಪಕರು ಹೇಳಿದ್ದನ್ನೆಲ್ಲ ಬಾಗಿಲ ಹತ್ತಿರ ನಿಂತು ಕೇಳಿದ್ದರು. "ಹುಡುಗೂರು ಪರೀಕ್ಷಾ ಆದಕೂಡ್ಲೆ ಮರತಬಿಡ್ತಿದ್ರು. ನನಗ ಪರೀಕ್ಷಾನ ಇರಲಿಲ್ಲ ನೋಡು, ಮರಿಲಿಲ್ಲ," ಎನ್ನುತ್ತಿದ್ದರು.

ಸಾಂಗ್ಲಿವಾಡಿಯ ಜೈನ ಒಕ್ಕಲು ಮನೆಯವರು. ಬಿಳಿ ಟೋಪಿ, ಸೈಕಲ್ಲು, ಎರಡು ಖಾನೆಯ ಡಬ್ಬಿ. ಬೆಳಿಗ್ಗೆ ಏಳಕ್ಕೆ ಕೃಷ್ಣೆಯ ಸೇತುವೆ ದಾಟುವರು. ಸಂಜೆ ಎಷ್ಟೇ ಕೆಲಸವಿದ್ದರೂ ಹೊತ್ತು ಮುಳುಗುವ ಮುಂಚೆ ಡಬ್ಬಿಯ ಕೆಳಗಿನ ಖಾನೆಯ ಊಟ ಮುಗಿಯಬೇಕು. ಮುಳುಗಿತೆಂದರೆ ಮರುದಿನ ಬೆಳಗಾಗುವವರೆಗೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ.

ಚೆಂಡು ನೆಲಕ್ಕೆ ಬಡಿದು ಏಳುವುದಕ್ಕೆ ನಮ್ಮ ಕಡೆ ಕನ್ನಡದವರೂ ಮರಾಠಿಯವರೂ ಟಪ್ಪಾ ಎಂದೇ ಅನ್ನುತ್ತೇವೆ. ಕಾರ್ಖಾನೆಯಲ್ಲಂತೂ ದಿನಕ್ಕೆ ನೂರು ಸಲ ಕೇಳುವ ಮಾತು. ಸೇರಿದ ಮೊದಲ ವಾರ ನಾನು ಚೆಂಡು ಎಷ್ಟು ಎದ್ದಿತೆಂದು ಬರೆಯುತ್ತಿದ್ದೆ. ಅವರು ಕತ್ತು ಚಾಚಿ ನೋಡಿ, "ಇದರ ಬಾಜೂಕ ಇನ್ನೊಂದ ಮನಿ ಹಾಕು, ಡೈರಿಬಾಯಿ. ಎಷ್ಟ ಕಳಕೊಂಡ್ತು ಅಂತ ಬರಿ," ಎಂದರು. ಆರು ಅಡಿಯಿಂದ ಬಿಟ್ಟ ಒಳ್ಳೆಯ ಚೆಂಡು ಮೂರೂವರೆ ಅಡಿ ಏಳುತ್ತಿತ್ತು. ಎರಡನೆಯ ಟಪ್ಪಾಕ್ಕೆ ಎರಡು ಅಡಿ. ಮೂರನೆಯದಕ್ಕೆ ಒಂದಕ್ಕಿಂತ ತುಸು ಮೇಲೆ. ಪ್ರತಿ ಸಲವೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಸಿಕೊಂಡು ಬರುತ್ತದೆ ಎಂದು ನಾನೇ ಲೆಕ್ಕ ಹಾಕಿ ಕಂಡುಕೊಂಡ ದಿನ ಅವರಿಗೆ ನನಗಿಂತ ಹೆಚ್ಚು ಸಂತೋಷವಾಗಿತ್ತು. "ಅದು ಅದರ ಗುಣ. ಮೊದಲನೇ ಟಪ್ಪಾಕ್ಕ ಎಷ್ಟ ಪಾಲ ಕಳಕೋತೈತೋ ಎರಡನೇದಕ್ಕೂ ಸುಮಾರ ಅಷ್ಟ ಪಾಲ. ಗುಣ ಅಂದ್ರ ನಡುವ ಬದಲಾಗಂಗಿಲ್ಲ."

ಅವರ ಕಿಟಕಿಯ ಕಟ್ಟೆಯ ಮೇಲೆ ಎಂಟು ಚೆಂಡುಗಳ ಸಾಲೊಂದಿತ್ತು. ಬಾಸ್ಕೆಟ್‌ಬಾಲ್, ಟೆನಿಸ್ ಚೆಂಡು, ಹಾಕಿ ಚೆಂಡು, ಹೊಲಿಗೆ ಬಿಟ್ಟ ಚರ್ಮದ ಕ್ರಿಕೆಟ್ ಚೆಂಡು, ಟೇಬಲ್ ಟೆನಿಸ್ಸಿನ ಪೊಳ್ಳು ಚೆಂಡು, ಇತ್ಯಾದಿ. ಊಟದ ಬಿಡುವಿನಲ್ಲಿ ಒಂದೊಂದನ್ನೇ ಬಿಡುವರು. ಚರ್ಮದ ಚೆಂಡು ಮೊಳಕಾಲು ಮುಟ್ಟುವುದೂ ಕಷ್ಟ. "ಒಳಗ ಬೂಚು, ಮ್ಯಾಲ ದಾರದ ಸುತ್ತು. ಪೆಟ್ಟು ತಿಂದದ್ದನ್ನ ಒಳಗ ಹಂಚಿಕೋತೈತಿ, ಹೊರಗ ತೋರ್ಸಂಗಿಲ್ಲ." ಪೊಳ್ಳು ಚೆಂಡು ಸೊಂಟದ ಎತ್ತರದಿಂದ ಬಿಟ್ಟರೆ ಚಟಪಟ ಜಿಗಿಯುತ್ತದೆ, ಮಾಳಿಗೆಯಿಂದ ಬಿಟ್ಟರೆ ಗಾಳಿಯೇ ಅದನ್ನು ತಡೆಯುತ್ತದೆ. ಗಾಜಿನ ಗೋಲಿ ಶಹಾಬಾದಿ ಕಲ್ಲಿನ ಮೇಲೆ ಜಿಗಿಯುತ್ತದೆ, ಗೋಣಿಯ ಮೇಲೆ ಮಲಗಿಬಿಡುತ್ತದೆ. ತಗಡಿನ ಛಾವಣಿಯ ಕೆಳಗೆ ಮಧ್ಯಾಹ್ನ ಕಾದ ಚೆಂಡು, ಬೆಳಗಿನ ತಣ್ಣನೆಯ ಚೆಂಡಿಗಿಂತ ನಾಲ್ಕು ಬೆರಳು ಹೆಚ್ಚು ಏಳುತ್ತದೆ. ಅದಕ್ಕೇ ಅವರು ಬೆಳಿಗ್ಗೆ ಹತ್ತರೊಳಗೇ ಪರೀಕ್ಷೆ ಮುಗಿಸುತ್ತಿದ್ದರು.

ಒಮ್ಮೆ ಬಾಸ್ಕೆಟ್‌ಬಾಲಿನ ನೆತ್ತಿಯ ಮೇಲೆ ಟೆನಿಸ್ ಚೆಂಡನ್ನು ಇಟ್ಟು ಎರಡನ್ನೂ ಜೋಡಿಯಾಗಿ ಬಿಟ್ಟರು. ಕೆಳಗಿನದು ಸತ್ತಂತೆ ಕುಸಿಯಿತು. ಮೇಲಿನದು ಬಂದೂಕಿನಿಂದ ಹೊರಟಂತೆ ಹಾರಿ ಟ್ಯೂಬ್‌ಲೈಟ್ ಒಡೆಯಿತು.

"ಕಾಕಾ! ಈ ಉದ್ಯೋಗಕ್ಕ ಶೇಟಜಿ ನಿಮಗ ಪಗಾರ ಕೊಡ್ತಾರೇನ್ರಿ?" ಶಾಂತಾ ಮಾವಶಿ ತಲೆಯ ಮೇಲಿನ ಗಾಜು ಝಾಡಿಸುತ್ತ ಕೂಗಿದಳು.

"ದೊಡ್ಡದು ತನ್ನ ಪಾಲಿಂದು ಸಣ್ಣದಕ್ಕ ಕೊಟ್ಟುಬಿಡ್ತವ್ವಾ, ನಾ ಏನ ಮಾಡ್ಲಿ?"

"ಹಂಗಾರ ದೊಡ್ಡ ಶೇಟಜಿನ ನನ್ನ ಕೆಳಗ ನಿಲ್ಲಸ್ರಿ, ನೋಡೂಣು!"

ಆ ವರ್ಷ ಕಾರ್ಖಾನೆಯ ಮಾಲೀಕ ಶೇಟಜಿಗೆ ನಗುವ ಮನಸ್ಸಿರಲಿಲ್ಲ. ಗಲ್ಲಿಗಲ್ಲಿಯಲ್ಲಿ ಕ್ರಿಕೆಟ್ ಹೆಚ್ಚಾಗಿತ್ತು, ಮನೆಮನೆಗೆ ಬಣ್ಣದ ಟೀವಿ ಬಂದಿತ್ತು, ಆದರೆ ಸಾಂಗ್ಲಿಯ ಅಂಗಡಿಗಳಲ್ಲಿ ಹೊಳೆಯುವ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪರದೇಶದ ಚೆಂಡುಗಳೂ ಬಂದಿದ್ದವು. ದೊಡ್ಡ ಕಂಪನಿಗಳು ಯಂತ್ರದಲ್ಲಿ ಐವತ್ತಕ್ಕೆ ಒಂದು ಚೆಂಡು ಪರೀಕ್ಷಿಸುತ್ತಿದ್ದವು. ನಮ್ಮಲ್ಲಿ ಒಬ್ಬ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಪ್ರತಿಯೊಂದನ್ನೂ ಕೇಳುತ್ತಿದ್ದ. ಗಣಪತಿ ಹಬ್ಬ ಮುಗಿದ ಸೋಮವಾರ ಶೇಟಜಿ ಪುಣೆಯ ಪ್ರದರ್ಶನಕ್ಕೆ ಹೊರಡುವ ಮುಂಚೆ ಎಲ್ಲರೆದುರಿಗೇ ಹೇಳಿದರು: "ಕಾಕಾ, ಪುಣೆಯ ಹೊಸ ಗಿರಾಕಿ ಸಿಕ್ಕಾನ. ಸಾಲಿಗಳಿಗೆ ಚೆಂಡು ಕೊಡಾಂವ. ಆರನೂರ ಚೆಂಡು, ಬರೂ ಶನಿವಾರ ಬಿಟ್ಟು ಅದರ ಮುಂದಿನ ಶನಿವಾರ ಟೆಂಪೋ ಬರತೈತಿ. ಈ ಮಾಲು ಒಂದೂ ವಾಪಸ್ ಬರದಂಗ ಪಾಸಾತಂದ್ರ ಚೆಕರ್ ಪೋಸ್ಟ್ ಇರತೈತಿ. ಇಲ್ಲಾಂದ್ರ ನಾ ಮಶೀನ್ ತರ್ತೇನಿ. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ಕಾಕಾ ತಲೆಯಾಡಿಸಿದರು. ಆ ದಿನ ಊಟದ ಬಿಡುವಿನಲ್ಲಿ ಕಿಟಕಿಯ ಚೆಂಡುಗಳನ್ನು ಮುಟ್ಟಲಿಲ್ಲ.

ಗಿರಾಕಿಯ ಪತ್ರ ಮರುದಿನ ಬಂತು. ಶೇಟಜಿ ಪುಣೆಯಿಂದ ಫೋನಿನಲ್ಲಿ ನನಗೆ, "ಪತ್ರ ಓದು, ತಕ್ತೆ ಹಾಕು, ಕೆಲಸ ಸುರು ಮಾಡ್ಸು," ಎಂದರು. ಪತ್ರ ಮರಾಠಿಯಲ್ಲಿ, ಅವಸರದ ಕೈಬರಹದಲ್ಲಿತ್ತು. 'ಪಹಿಲಾ ಟಪ್ಪಾ: ಕಡಕ. ದುಸರಾ ಟಪ್ಪಾ: ನರಮ.' ಕಡಕ ಎಂದರೆ ಗಟ್ಟಿ, ನರಮ ಎಂದರೆ ಮೆತ್ತಗೆ. ಹಾಳೆಯ ಕೆಳಗೆ, ಅಂಗಡಿಯ ಮುದ್ರೆಯ ಅಂಚಿನಲ್ಲಿ, ಮೂರನೆಯ ಟಪ್ಪಾದ ಬಗ್ಗೆ ಆಮೇಲೆ ತಿಳಿಸುತ್ತೇವೆ ಎಂಬ ಅರ್ಥದ ಇನ್ನೊಂದು ಸಾಲು. ನಾನು ಸ್ಕೇಲು ಹಿಡಿದು ಮೂರು ಕಾಲಮ್ಮುಗಳ ತಕ್ತೆ ಹಾಕಿದೆ. ಒಂದನೇ ಟಪ್ಪಾ, ಗಟ್ಟಿ. ಎರಡನೇ ಟಪ್ಪಾ, ಮೆತ್ತಗೆ. ಮೂರನೇ ಟಪ್ಪಾ, ನಂತರ ತಿಳಿಸಲಾಗುವುದು. ಪತ್ರವನ್ನು ಆಫೀಸಿನ ಕಪಾಟಿನ ಫೈಲಿಗೆ ಹಾಕಿ, ತಕ್ತೆಯನ್ನು ಕಾಕಾಗೆ ಕೊಟ್ಟೆ.

ಅವರು ಅಕ್ಷರ ಕೂಡಿಸಿ ಓದಿದರು. ಇನ್ನೊಮ್ಮೆ ಓದಿದರು.

"ಮೊದಲನೇದಕ್ಕ ಗಟ್ಟಿ ಜಿಗೀಬೇಕು, ಎರಡನೇದಕ್ಕ ಸಾಯಬೇಕು?"

"ಹೌದ್ರಿ ಕಾಕಾ. ಹಂಗ ಐತಿ."

"ಇಂಥಾ ಚೆಂಡು ಇರಂಗಿಲ್ಲವ್ವಾ."

"ಸಣ್ಣ ಮಕ್ಕಳಿಗೆ ಇರಬೇಕ್ರಿ. ದೂರ ಓಡಿ ಹೋಗಬಾರದು ಅಂತ." ಈ ಕಾರಣವನ್ನು ನಾನೇ ಆ ಕ್ಷಣದಲ್ಲಿ ಹುಟ್ಟಿಸಿದ್ದು. ಹೇಳಿದ ಮೇಲೆ ನನಗೂ ನಿಜವೆನಿಸಿತು.

ಸಂಜೆ ಶೇಟಜಿಗೆ ಫೋನು ಮಾಡಿ, ಗಿರಾಕಿಯನ್ನೇ ಒಮ್ಮೆ ಕೇಳೋಣವೇ ಎಂದೆ. ಅವರು ಸಿಡುಕಿದರು. "ಗಿರಾಕಿಗೆ ಸವಾಲ ಹಾಕಬ್ಯಾಡ. ಈಗಿನ ಮಾರ್ಕೆಟ್ಟಿನ್ಯಾಗ ಒಂದ ಸವಾಲ ಕೇಳಿದ್ರ ಆಂವ ಮತ್ತೊಬ್ಬನ ಕಡೆ ಹೊಕ್ಕಾನ. ಅವರು ಬೇಡಿದ್ದ ಕೊಡ್ರಿ."

ಮುಂದಿನ ಏಳು ದಿನಗಳ ಡೈರಿಯಲ್ಲಿ ಬರೀ ಸೋಲಿನ ಲೆಕ್ಕವಿದೆ. ಆರುನೂರು ಮಾಮೂಲಿ ಪೊಳ್ಳು ಚೆಂಡುಗಳನ್ನು ಹೆಂಗಸರು ಮೊದಲೇ ಮಾಡಿಟ್ಟರು. ಬದಲಾವಣೆ ಏನೆಂದು ತಿಳಿದ ಮೇಲೆ ಅವಕ್ಕೇ ಮಾಡುವುದೆಂದು ಲೆಕ್ಕಾಚಾರ. ಕಾಕಾ ಬೇರೆ ಚೆಂಡುಗಳನ್ನು ಒಂದೊಂದಾಗಿ ಕೆಡಿಸಿ ನೋಡಿದರು. ರಬ್ಬರಿಗೆ ಸುಣ್ಣದ ಪುಡಿ ಹೆಚ್ಚಿಸಿದರು, ಎರಡೂ ಟಪ್ಪಾ ಕುಗ್ಗಿದವು. ಸೂಜಿಯಿಂದ ಚುಚ್ಚಿದರು, ಎರಡೂ ಕುಗ್ಗಿದವು. ಒಳಗೆ ಮರಳು ಹಾಕಿದರು, ಮೊದಲನೆಯದೇ ಸತ್ತಿತು. ಒಂದು ಕಡೆ ದಪ್ಪ ಮಾಡಿದರು, ಚೆಂಡು ಕುಂಟುತ್ತ ಮೂಲೆಗೆ ಹೋಯಿತು. ಒಟ್ಟು ಐವತ್ತೆರಡು ಪ್ರಯತ್ನ. ಒಂದೂ ಇಲ್ಲ. ಅವರು ಮಾತು ಕಡಿಮೆ ಮಾಡಿದರು. ಗಡಿಯಾರ ಬಿಚ್ಚುವುದನ್ನು ಮರೆತು ಚೆಂಡು ಬಿಟ್ಟದ್ದನ್ನು ಆ ವಾರ ಎರಡು ಸಲ ಬರೆದಿದ್ದೇನೆ.

"ಆಗಂಗಿಲ್ಲ ಅಂತ ಹೇಳಿಬಿಡ್ರಿ ಕಾಕಾ," ಎಂದಳು ಶಾಂತಾ ಮಾವಶಿ.

"ಹೇಳಿದ್ರ ಮಶೀನ್ ಬರತೈತಿ."

"ಮಶೀನ್‌ರ ಮಾಡತೈತೇನು ಇಂಥಾ ಚೆಂಡು?"

"ಮಾಡಂಗಿಲ್ಲ. ಆದ್ರ ಮಶೀನಿಗೆ ಯಾರೂ ಕೇಳಂಗಿಲ್ಲಲ್ಲ."

ಎಂಟನೆಯ ದಿನ, ಮಂಗಳವಾರ, ಬೆಳಿಗ್ಗೆಯಿಂದ ಮಳೆ. ಊಟವಾದ ಮೇಲೆ ಕೈ ತೊಳೆಯಲು ಹಿಂದಿನ ಗಟಾರದ ಕಡೆ ಹೋದ ಕಾಕಾ ಹಿಂದಿರುಗಲಿಲ್ಲ. ಹೋಗಿ ನೋಡಿದೆ. ಟೋಪಿ ತೊಯ್ದಿತ್ತು. ಕೈಯಲ್ಲಿ ಯಾವತ್ತೋ ಎಸೆದಿದ್ದ ಹಳೆಯ ಚೆಂಡು. ಸಣ್ಣ ತೂತಿನಿಂದ ಮಳೆನೀರು ಒಳಸೇರಿ ಅರ್ಧದ ಹತ್ತಿರ ತುಂಬಿತ್ತು.

"ನೋಡಿಲ್ಲಿ. ನೋಡು. ಬರ್ಕೋ."

ಚೆಂಡನ್ನು ಎತ್ತಿ ಹಿಡಿದು, ಒಳಗಿನ ನೀರು ನಿಲ್ಲುವವರೆಗೆ ಕಾದು, ಬಿಟ್ಟರು. ಅದು ಸೊಂಟದವರೆಗೆ ಎದ್ದಿತು. ಮತ್ತೆ ಬಿತ್ತು. ಪಚ್ ಎಂಬ ಸದ್ದು. ನೆಲದಿಂದ ಒಂದು ಗೇಣೂ ಏಳಲಿಲ್ಲ.

ಅವರು ಗಟಾರದ ಕಟ್ಟೆಯ ಮೇಲೆಯೇ ಕುಳಿತುಬಿಟ್ಟರು. ಮೊದಲ ಸಲ ನೀರು ಸುಮ್ಮನಿರುತ್ತದೆ, ಚೆಂಡಿನ ಜೊತೆಗೇ ಏಳುತ್ತದೆ. ಮೊದಲ ಪೆಟ್ಟಿಗೆ ಒಳಗೆಲ್ಲ ಕದಡಿರುತ್ತದೆ, ಎರಡನೆಯ ಪೆಟ್ಟಿನ ಬಲವನ್ನೆಲ್ಲ ಆ ಕದಡಿದ ನೀರು ಕಾರಂಜಿಯಂತೆ ಚಿಮ್ಮಿ ತಿಂದುಬಿಡುತ್ತದೆ. ಇದನ್ನು ಅವರು ತಮ್ಮ ಎರಡು ಕೈಗಳಿಂದ ನನಗೆ ತೋರಿಸಿದರು, ಒಂದು ಕೈ ಚೆಂಡು, ಒಂದು ಕೈ ನೀರು. "ಇಪ್ಪತ್ತ ವರ್ಷ ಬಾಗಲದಾಗ ನಿಂತೇನಿ. ಇದನ್ನ ಯಾರೂ ಹೇಳಲಿಲ್ಲ ಡೈರಿಬಾಯಿ," ಎಂದರು. ಅವರು ಅಷ್ಟು ಹಿಗ್ಗಿದ್ದನ್ನು ನಾನು ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಔಷಧಿ ಅಂಗಡಿಯಿಂದ ಸಿರಿಂಜು ಬಂದವು. ಚೆಂಡಿಗೆ ಎರಡು ಸಿರಿಂಜು ನೀರು, ಸೂಜಿಯ ತೂತಿನ ಮೇಲೆ ಒಂದು ಹನಿ ರಬ್ಬರ್ ಸೊಲ್ಯೂಷನ್. ಬುಧವಾರ ಬೆಳಿಗ್ಗೆ ಕಾಕಾ ಮನೆಯಿಂದ ಬಿಳಿ ಬಟ್ಟೆ ತಂದು, ಬಕೆಟ್ಟಿಗೆ ಕಟ್ಟಿ, ನೀರು ಸೋಸತೊಡಗಿದರು. ಅವರು ಕುಡಿಯುವ ನೀರನ್ನೂ ಹಾಗೆಯೇ ಸೋಸುತ್ತಿದ್ದರು.

"ಚೆಂಡೂ ಜೈನರ ಪೈಕಿ ಏನ್ರಿ ಕಾಕಾ?" ಎಂದಳು ಮಾವಶಿ.

"ನಗಬ್ಯಾಡ. ಒಳಗ ಒಂದ ಹುಳ ಹೋತಂದ್ರ ಅದಕ್ಕ ಹೊರಗ ಬರಾಕ ದಾರಿ ಎಲ್ಲೈತಿ ಹೇಳು?"

ಅದೇ ದಿನ ಶೇಟಜಿ ಪುಣೆಯಿಂದ ಹಿಂದಿರುಗಿದರು. ಕಾಕಾ ಚೆಂಡು ಬಿಟ್ಟು ತೋರಿಸಿದರು. ಶೇಟಜಿ ನನ್ನ ತಕ್ತೆ ನೋಡಿದರು, ಚೆಂಡು ನೋಡಿದರು, ತಾವೇ ನಾಲ್ಕು ಸಲ ಬಿಟ್ಟರು. "ವಾಹ್ ಕಾಕಾ! ಹಿಂಥಾದ್ದು ಪರದೇಶದವರ ಕಡೆನೂ ಇಲ್ಲ!" ಎಂದು ಅವರ ಬೆನ್ನು ತಟ್ಟಿದರು. ಗಿರಾಕಿಗೆ ಫೋನು ಮಾಡಿ, ನೀವು ಬೇಡಿದ ಹಾಗೇ ಮಾಲು ತಯಾರಾಗಿದೆ ಎಂದು ದೊಡ್ಡ ದನಿಯಲ್ಲಿ ಹೇಳಿದರು.

ಗುರುವಾರ ಸಂಜೆಗೆ ನಾನೂರ ಮೂವತ್ತು ಚೆಂಡುಗಳಿಗೆ ನೀರು ತುಂಬಿತ್ತು. ಕಾಕಾಗೆ ಒಂದೇ ಚಿಂತೆ ಉಳಿದಿತ್ತು. ಈ ಚೆಂಡನ್ನು ಅಲುಗಾಡಿಸಿ ಬಿಟ್ಟರೆ ಮೊದಲ ಟಪ್ಪಾವೇ ಸಾಯುತ್ತದೆ. ಮಕ್ಕಳಿಗೆ ಅದನ್ನು ತಿಳಿಸುವ ಚೀಟಿಯೊಂದನ್ನು ಪ್ರತಿ ಪೆಟ್ಟಿಗೆಗೆ ಹಾಕಬೇಕು ಎಂದರು. ಯಾವ ವಯಸ್ಸಿನ ಮಕ್ಕಳು ಎಂದು ಪತ್ರದಲ್ಲಿ ಇದೆಯೇ ನೋಡಲು, ಮೂಲ ಪತ್ರ ಕೊಡು ಎಂದರು.

ನಾನು ಫೈಲು ತಂದುಕೊಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಕೂಡಿಸತೊಡಗಿದರು. ಪ. ಹಿ. ಲಾ. ಪಹಿಲಾ. ನಾನು ಸಿರಿಂಜು ತೊಳೆಯುತ್ತಿದ್ದೆ. ಮೊದಲನೆಯ ಸಾಲು ಮುಗಿಯಿತು, ಎರಡನೆಯದು ಮುಗಿಯಿತು. ಮುದ್ರೆಯ ಅಂಚಿನ ಸಾಲಿಗೆ ಬಂದರು. ತಿ. ಸ. ರಾ. ತಿಸರಾ. ಟಪ್ಪಾ. ದಿ. ವಾ. ಳೀ.

ದನಿ ನಿಂತಿತು.

"ಡೈರಿಬಾಯಿ. ಇಲ್ಲಿ 'ದಿವಾಳೀನಂತರ' ಅಂತ ಐತಿ. ನಿನ್ನ ತಕ್ತ್ಯಾದಾಗ ಬರೇ 'ನಂತರ' ಐತಿ."

"ಹೌದ್ರಿ. ಮೂರನೇ ಟಪ್ಪಾದ ಅಳತಿ ದಿವಾಳಿ ಆದಮ್ಯಾಲ ತಿಳಸ್ತಾರಂತ."

"ಅಳತಿ ಅಂತ ಎಲ್ಲೈತಿ? 'ತಿಸರಾ ಟಪ್ಪಾ ದಿವಾಳೀನಂತರ, ಸಂಖ್ಯಾ ಕಳವೂ.' ಎಷ್ಟ ಚೆಂಡಂತ ತಿಳಸ್ತೇವಿ ಅಂತಾರ." ಪತ್ರವನ್ನು ಕೆಳಗಿಳಿಸಿ ನನ್ನನ್ನು ನೋಡಿದರು. "ದಸರಾಕ್ಕ ಜಿಗದ ಚೆಂಡು ದಿವಾಳಿ ಮುಗಿದಮ್ಯಾಲ ನೆಲಕ್ಕ ಬರತೈತೇನವ್ವಾ?"

ನನ್ನ ಕೈಯ ಸಿರಿಂಜು ಬಕೆಟ್ಟಿಗೆ ಬಿತ್ತು. ಕನ್ನಡದಲ್ಲಿ ನಾವು ಹಂತ ಎನ್ನುವುದಕ್ಕೂ ಮರಾಠಿಯಲ್ಲಿ ಟಪ್ಪಾ ಎಂದೇ ಹೇಳುತ್ತಾರೆ. ಮೊದಲ ಹಂತದಲ್ಲಿ ಗಟ್ಟಿ ಚೆಂಡು ಕಳಿಸಿ, ಎರಡನೆಯ ಹಂತದಲ್ಲಿ ಮೆತ್ತನೆಯವು, ಮೂರನೆಯ ಹಂತ ದೀಪಾವಳಿಯ ನಂತರ. ಅಷ್ಟೇ ಅವರು ಬರೆದಿದ್ದರು. ಶನಿವಾರಕ್ಕೆ ಬೇಕಿದ್ದದ್ದು ಆರುನೂರು ಮಾಮೂಲಿ ಗಟ್ಟಿ ಚೆಂಡು. ಅವು ಹೋದ ವಾರವೇ ತಯಾರಾಗಿದ್ದವು. ನಾನೂರ ಮೂವತ್ತರ ಹೊಟ್ಟೆಗೆ ನಾವೇ ನೀರು ಹಾಕಿದ್ದೆವು.

"ನನ್ನ ತಪ್ಪು ಕಾಕಾ. ನಾ ಶೇಟಜಿಗೆ ಹೇಳತೇನಿ."

"ನಿಮ್ಮಪ್ಪ ಏನಂದಾನ?"

ನಾನು ಬಕೆಟ್ಟಿನಿಂದ ಸಿರಿಂಜು ಎತ್ತಿಕೊಂಡೆ.

"ಹಂಗಾರ ಸುಮ್ಮನಿರು. ನಾಳಿ ಒಂದ ದಿನ ಐತಿ. ಮೊದಲ ನೀರ ತಗಿಯೂಣು."

ಶುಕ್ರವಾರ ಶೇಟಜಿ ಬ್ಯಾಂಕಿನ ಕೆಲಸಕ್ಕೆಂದು ಮಿರಜಕ್ಕೆ ಹೋಗಿದ್ದರು. ನಾವು ನಾಲ್ವರು ನೀರು ತೆಗೆಯಲು ಕುಳಿತೆವು. ತುಂಬಿದಷ್ಟು ಸುಲಭವಾಗಿ ಅದು ಹೊರಬರಲಿಲ್ಲ. ನೀರು ಎಳೆದರೆ ಚೆಂಡು ಒಳಗೆ ಚಪ್ಪಟೆಯಾಗುತ್ತಿತ್ತು. ಗಾಳಿ ಹಾಕಿ, ಮತ್ತೆ ಎಳೆದು, ಮತ್ತೆ ಹಾಕಿ, ಒಂದು ಚೆಂಡಿಗೆ ಐದು ನಿಮಿಷ. ಕೊನೆಗೆ ಒಂದು ಚಮಚದಷ್ಟು ಒಳಗೇ ಉಳಿಯುತ್ತಿತ್ತು. ಕಾಕಾ ಬಿಟ್ಟು ಕೇಳುವರು. ಪಚ್. ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣ ಪಚ್. ತೆಗೆದು ಪಕ್ಕಕ್ಕೆ ಇಡುವರು.

"ಕಾಕಾ, ಇದು ನಡಿತೈತ್ರಿ. ಯಾರಿಗೆ ಗೊತ್ತಾಗತೈತಿ?" ಮಾವಶಿ ಅಂಗಲಾಚಿದಳು.

"ನನಗ ಗೊತ್ತಾತಲ್ಲ."

"ಪೋಸ್ಟ್ ನಿಮ್ದು ಹೋಗತೈತ್ರಿ, ನಂದಲ್ಲ!"

ಅವರು ಮುಂದಿನ ಚೆಂಡು ತೆಗೆದುಕೊಂಡರು. ಐದಕ್ಕೆ ನಾನು ಡಬ್ಬಿ ತಂದು ಅವರ ಪಕ್ಕದಲ್ಲಿಟ್ಟೆ. ಐದೂವರೆಗೆ ಇನ್ನೊಮ್ಮೆ ಹೇಳಿದೆ. ಆರಕ್ಕೂ ಹೇಳಿದೆ. ಆರೂವರೆಗೆ ಬೆಳಕು ಹೋಯಿತು. ಅವರು ಡಬ್ಬಿಯನ್ನು ಹಾಗೆಯೇ ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಟರು.

ಶನಿವಾರದ ಬೆಳಗಿನ ಲೆಕ್ಕ: ನೀರು ಸೇರದ ಒಳ್ಳೆಯ ಚೆಂಡು ನೂರ ಎಪ್ಪತ್ತು, ನೀರು ತೆಗೆದ ಮೇಲೆ ಪಾಸಾದದ್ದು ಮೂವತ್ತೊಂದು. ಒಟ್ಟು ಇನ್ನೂರ ಒಂದು. ಕಮ್ಮಿ ಬಿದ್ದದ್ದು ಮುನ್ನೂರ ತೊಂಬತ್ತೊಂಬತ್ತು. ಮೊದಲೇ ಹೇಳಿಬಿಡಬೇಕೆಂದು ಕಾಕಾ ಹತ್ತಕ್ಕೆ ಆಫೀಸಿನ ಮೆಟ್ಟಿಲು ಹತ್ತಿದರು. ಅದೇ ಹೊತ್ತಿಗೆ ಟೆಂಪೋ ಗೇಟಿನೊಳಗೆ ಬಂತು. ಹನ್ನೊಂದಕ್ಕೆ ಬರಬೇಕಾದದ್ದು.

ಗಿರಾಕಿಯ ಮನುಷ್ಯ ವಯಸ್ಸಿನಲ್ಲಿ ಚಿಕ್ಕವನು, ಮರ್ಯಾದಸ್ಥ. ಶೇಟಜಿ ನಗುತ್ತ ಅವನನ್ನು ಕರೆದುಕೊಂಡು ಬಂದು, ಕಾಕಾ ಬಾಯಿ ತೆರೆಯುವ ಮುಂಚೆಯೇ, ಇನ್ನೂ ನೀರು ತೆಗೆಯದ ರಾಶಿಯಿಂದ ಚೆಂಡೊಂದನ್ನು ಎತ್ತಿ ಬಿಟ್ಟು ತೋರಿಸಿದರು. ಗಟ್ಟಿ. ಪಚ್. ಅವನು ನೋಡಿದ. ಇನ್ನೊಮ್ಮೆ ಬಿಡಿ ಎಂದ. ಆಮೇಲೆ, ಇದೇನು ಎಂದು ಕೇಳಿದ. ಶೇಟಜಿ ನನ್ನ ತಕ್ತೆಯನ್ನು ಮರಾಠಿಯಲ್ಲಿ ಓದಿ ಹೇಳಿದರು. ಅವನು ಅದನ್ನು ಕೇಳಿ, ತಡೆದುಕೊಳ್ಳಲು ನೋಡಿದ, ಆಗಲಿಲ್ಲ, ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಟಪ್ಪಾ ಎಂದರೆ ಇಲ್ಲಿ ಹಂತ ಎಂದು ಅವನು ಮರಾಠಿಯಲ್ಲಿ ಬಿಡಿಸಿ ಹೇಳುತ್ತಿದ್ದ ಹಾಗೆ ಶೇಟಜಿಯ ಮುಖ ಕೆಂಪಾಗುತ್ತ ಹೋಯಿತು. ಇನ್ನೂರ ಒಂದನ್ನು ಅವನು ಮುಟ್ಟಲಿಲ್ಲ. ಪೂರ್ತಿ ಇದ್ದರೆ ಒಯ್ಯುತ್ತಿದ್ದೆ, ಈಗ ಬೇರೆ ಕಡೆ ನೋಡಬೇಕು ಎಂದ. ಖಾಲಿ ಟೆಂಪೋ ತಿರುಗಿಸಿಕೊಂಡು ಹೋಯಿತು.

ಶೇಟಜಿ ಕೂಗಲಿಲ್ಲ. "ಪತ್ರ ಯಾರ ಕೈಯಾಗಿತ್ತು?" ಎಂದು ಮೆಲ್ಲಗೆ ಕೇಳಿದರು. ನನ್ನನ್ನೇ ನೋಡಿ ಕೇಳಿದರು.

ನಾನು ಉಸಿರು ತೆಗೆದುಕೊಂಡೆ. ಅಷ್ಟರಲ್ಲಿ ಕಾಕಾ ಹೇಳಿದರು: "ನಾ ತಗೊಂಡಿದ್ದೆರಿ. ಈ ಪೋರಿಗ ನಾ ಓದಿ ಹೇಳಿದ್ದು, ಅಕಿ ಬರಕೊಂಡ್ಳು. ನಾಲ್ಕನೇತ್ತಾ ಕಲ್ತಾಂವ ನಾನು. ತಿಳೀಲಿಲ್ಲ."

ಶಾಂತಾ ಮಾವಶಿ ನನ್ನ ಕಡೆ ನೋಡಿದಳು.

"ರಜಿಸ್ಟರ್ ತಾ," ಎಂದರು ಶೇಟಜಿ. "ಅವರ ಹೆಸರಿಲೆ ಬರಿ. ಸಹಿ ತಗೋ."

ನಾವು ನಿಂತಿದ್ದ ಜಾಗದಿಂದ ರಜಿಸ್ಟರಿನ ಮೇಜಿಗೆ ಹನ್ನೊಂದು ಹೆಜ್ಜೆ. ಎಣಿಸುವುದು ನನ್ನ ಅಭ್ಯಾಸ, ಅಂದೂ ಎಣಿಸಿದೆ. ಹನ್ನೊಂದರಲ್ಲಿ ಯಾವ ಹೆಜ್ಜೆಯಲ್ಲಿ ಬೇಕಾದರೂ ತಿರುಗಿ ನಿಂತು ಹೇಳಬಹುದಿತ್ತು. ಐದನೆಯದರಲ್ಲಿ ಅಪ್ಪನ ಮುಖ ಕಣ್ಣೆದುರು ಬಂತು. ಒಂಬತ್ತನೆಯದರಲ್ಲಿ, ಮೇಜಿಗೆ ಹೋಗಿ ಅಲ್ಲಿಂದ ಹೇಳುತ್ತೇನೆ ಎಂದುಕೊಂಡೆ. ಮೇಜು ಬಂತು. ರಜಿಸ್ಟರ್ ತೆರೆದೆ. ತಾರೀಖು, ಮಾಲು, ಸಂಖ್ಯೆ ಬರೆದೆ. ಕಾರಣ ಎಂಬ ಕಾಲಮ್ಮಿನಲ್ಲಿ, ಪತ್ರ ತಪ್ಪಾಗಿ ಓದಿದ್ದು ಎಂದು ಬರೆದೆ. ಜವಾಬ್ದಾರರು ಎಂಬ ಕಾಲಮ್ಮಿನಲ್ಲಿ ಅವರ ಪೂರ್ತಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಬರೆದೆ. ಒಂದು ಕಡೆಯೂ ಕಾಟು ಹೊಡೆಯಲಿಲ್ಲ.

ಕಾಕಾ ಬಂದು ಪಕ್ಕದಲ್ಲಿ ನಿಂತು ಕತ್ತು ಚಾಚಿದರು. ನಾನು ಪೆನ್ನು ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ. ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಕೂಡಿಸುತ್ತ, ಪ್ರತಿ ಶಬ್ದವನ್ನು ಇನ್ನೊಮ್ಮೆ ಹೇಳುತ್ತ, ಸಾಲನ್ನು ಪೂರ್ತಿ ಓದಿದರು. ಕೆಲಸ ಬಿಟ್ಟು ನಿಂತಿದ್ದ ಹೆಂಗಸರೆಲ್ಲ ಕೇಳುತ್ತಿದ್ದರು. ಹೆಸರಿನವರೆಗೆ ಬಂದು, ತಂದೆಯ ಹೆಸರು ದಾಟಿ, ಅಡ್ಡಹೆಸರಿನ ಕೊನೆಯ ಅಕ್ಷರದ ಮೇಲೆ ಬೆರಳಿಟ್ಟರು.

"ಇಲ್ಲಿ ಒಂದ ಬಿಟ್ಟೀಯಲ್ಲವ್ವಾ."

ನನಗೆ ಅರ್ಥವಾಗಲಿಲ್ಲ.

"ಹೆಸರಿನ ಮುಂದ ಚೆಕರ್ ಅಂತ ಬರಿ."

ನಾನು ಬರೆದೆ. ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಬಲ ಅಂಗೈಯನ್ನು ಪೈಜಾಮಕ್ಕೆ ಒರೆಸಿಕೊಂಡು, ಸಹಿ ಮಾಡಿದರು.